ಗಾಜಿನಾಚೆಯ ಕಿವಿ

ವಿಶಾಖಪಟ್ಟಣದ ಒಂದು ಮಹಡಿ ಮನೆ. ಮೇಲಿನ ಕೋಣೆಯೇ ಸ್ಟುಡಿಯೊ. ಏಪ್ರಿಲ್ ಸೆಖೆಯಲ್ಲೂ ಮೈಕಿಗೆ ಸದ್ದು ಹತ್ತುತ್ತದೆಂದು ಎಸಿ ಆರಿಸಿದ್ದರು. ಗಾಜಿನ ಈಚೆ ನಾನು ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ. ಆಚೆ ನಿರ್ದೇಶಕರು ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಹೋದರೇನೋ ಅಂದುಕೊಂಡೆ.

ಪರವಾಡದ ಔಷಧ ಕಾರ್ಖಾನೆಯೊಂದು ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ತೋರಿಸಲೆಂದು ಮಾಡಿಸಿದ್ದ ಸುರಕ್ಷತಾ ಚಿತ್ರ ಅದು. ಅದೇ ಕಂಪನಿಯ ಇನ್ನೊಂದು ಘಟಕ ಬೀದರ್ ಕಡೆ ಇತ್ತು. ಹಾಗಾಗಿ ಕನ್ನಡದ ದನಿಯೂ ಬೇಕಾಗಿತ್ತು. ಆಕಾಶವಾಣಿಗೆ ನಾಟಕ ಓದಿ ಅಭ್ಯಾಸವಿದ್ದ ನನ್ನ ಹೆಸರನ್ನು ಯಾರೋ ಹೇಳಿದ್ದರು. ಮೊದಲ ವಾಕ್ಯ ಓದಿದೆ. ನನ್ನ ಮಟ್ಟಿಗೆ ಚೆನ್ನಾಗಿಯೇ ಬಂದಿತ್ತು: ಎದೆಯಿಂದ ಎದ್ದ ದನಿ, ತಪ್ಪಿಲ್ಲದ ಮಹಾಪ್ರಾಣಗಳು, ವಾಕ್ಯದ ಕೊನೆಗೊಂದು ಗಂಭೀರ ಇಳಿತ. ಹೆಡ್‌ಫೋನಿನಲ್ಲಿ ಟಾಕ್‌ಬ್ಯಾಕ್ ಕಿರುಗುಟ್ಟಿತು.

“ಸಾರ್, ನಾಕು ಕನ್ನಡಂ ರಾದಂಡಿ. ಆದರೆ ನೀವು ನನ್ನನ್ನ ಹೆದರಿಸ್ತಾ ಇದ್ದೀರಿ,” ಅಂದರು, ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ. “ಇದನ್ನ ಕೇಳೋ ಹುಡುಗ ಇವತ್ತೇ ಕೆಲಸಕ್ಕೆ ಸೇರಿದ್ದಾನೆ. ನೀವು ಅವನ ಅಣ್ಣ. ನೈಟ್ ಶಿಫ್ಟ್ ಮುಗಿಸಿ ಗೇಟಿನ ಹತ್ತಿರ ಟೀ ಕುಡೀತಾ ನಿಂತಿದ್ದೀರಿ. ಅವನು ಒಳಗೆ ಹೋಗ್ತಾ ಇದ್ದಾನೆ. ಒಂದು ಮಾತು ಹೇಳೋಷ್ಟೇ ಟೈಮಿದೆ. ಹೇಳಿ.”

ಹೇಳಿದೆ. ಎದೆಯ ಗುಡುಗು ತಾನಾಗಿ ಕರಗಿತು. ಮಹಾಪ್ರಾಣಗಳು ಇದ್ದವು, ಆದರೆ ಎದ್ದು ಕಾಣಲಿಲ್ಲ. ವಾಕ್ಯದ ಕೊನೆ ಇಳಿಯುವ ಬದಲು ಒಂದಿಷ್ಟು ತೆರೆದೇ ಉಳಿಯಿತು, ಉತ್ತರಕ್ಕೆ ಕಾಯುವವನ ಮಾತಿನ ಹಾಗೆ. ಎಷ್ಟೋ ವರ್ಷ ಮೈಕಿನ ಮುಂದೆ ನಿಂತಿದ್ದೇನೆ. ನನ್ನ ಭಾಷೆಯ ಒಂದಕ್ಷರ ಬಾರದ ಈ ಮನುಷ್ಯನಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪರವಾಡ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲು ವಿಶಾಖಪಟ್ಟಣ ಜಿಲ್ಲೆಯಲ್ಲಿತ್ತು, 2022ರಲ್ಲಿ ಆಂಧ್ರದ ಜಿಲ್ಲೆಗಳನ್ನು ಒಡೆದಾಗ ಅನಕಾಪಲ್ಲಿಗೆ ಸೇರಿತು. ಎನ್‌ಟಿಪಿಸಿಯ 2000 ಮೆಗಾವಾಟ್‌ನ ಸಿಂಹಾದ್ರಿ ವಿದ್ಯುತ್ ಸ್ಥಾವರ ಅಲ್ಲಿದೆ, ಜವಾಹರಲಾಲ್ ನೆಹರು ಫಾರ್ಮಾ ಸಿಟಿಯೂ ಅಲ್ಲೇ. 2020ರ ಜುಲೈನ ಒಂದು ರಾತ್ರಿ ಆ ಫಾರ್ಮಾ ಸಿಟಿಯ ದ್ರಾವಕ ಘಟಕವೊಂದರಲ್ಲಿ ಸ್ಫೋಟವಾಯಿತು. ಅದಕ್ಕೂ ಎರಡು ತಿಂಗಳು ಮೊದಲು, ಮೇ 7ರ ನಸುಕಿನಲ್ಲಿ, ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿ ಸ್ಟೈರೀನ್ ಅನಿಲ ಸೋರಿ 12 ಮಂದಿ ಸತ್ತಿದ್ದರು. ಅಪಾಯದ ಸೈರನ್ ಮೊಳಗಲೇ ಇಲ್ಲವೆಂದು ಸರ್ಕಾರ ನೇಮಿಸಿದ ಸಮಿತಿಯೇ ವರದಿ ಕೊಟ್ಟಿತು. ಅಂಥ ಸೀಮೆಯಲ್ಲಿ ಎಚ್ಚರಿಕೆ ಹೇಳುವ ದನಿ ಹೇಗಿರಬೇಕು ಎಂಬುದು ಬರೀ ಕಲೆಯ ಪ್ರಶ್ನೆಯಲ್ಲ. ಹೆದರಿಸಿದರೆ ಹುಡುಗರು ಮೊದಲ ನಿಮಿಷದಲ್ಲೇ ಕಿವಿ ಮುಚ್ಚಿಕೊಳ್ಳುತ್ತಾರೆ.

ಆ ನಿರ್ದೇಶಕರು ಏನು ಹೇಳಿದರು ಎನ್ನುವುದಕ್ಕಿಂತ ಏನು ಹೇಳಲಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು. ‘ಸ್ವಲ್ಪ ಮೃದುವಾಗಿ’ ಅನ್ನಲಿಲ್ಲ. ‘ಫೀಲ್ ಸಾಲದು’ ಅನ್ನಲಿಲ್ಲ. ‘ಆತ್ಮೀಯವಾಗಿ’ ಅನ್ನಲಿಲ್ಲ. ಹಾಗಂದಿದ್ದರೆ ನನ್ನ ಹತ್ತಿರ ಸಿದ್ಧವಿರುವ ಒಂದು ಆತ್ಮೀಯ ದನಿಯನ್ನು ತೆಗೆದು ಕೊಡುತ್ತಿದ್ದೆ. ದನಿ ಕಲಾವಿದರೆಲ್ಲರ ಜೋಳಿಗೆಯಲ್ಲೂ ಅಂಥವು ಹತ್ತಿಪ್ಪತ್ತು ಇರುತ್ತವೆ: ಬ್ಯಾಂಕಿನ ಆತ್ಮೀಯತೆ, ಅಡುಗೆ ಎಣ್ಣೆಯ ಆತ್ಮೀಯತೆ, ಚುನಾವಣೆಯ ಆತ್ಮೀಯತೆ. ವಿಶೇಷಣ ಕೇಳಿದ ಕೂಡಲೆ ಕೈ ಜೋಳಿಗೆಗೆ ಹೋಗುತ್ತದೆ. ಅವರು ಕೊಟ್ಟದ್ದು ಮೂರು ಸಂಗತಿ: ಯಾರಿಗೆ ಹೇಳುತ್ತಿದ್ದೀರಿ, ಎಷ್ಟು ದೂರದಿಂದ ಹೇಳುತ್ತಿದ್ದೀರಿ, ಹೇಳದಿದ್ದರೆ ಏನಾಗುತ್ತದೆ. ಉಳಿದದ್ದನ್ನು ನನಗೆ ಬಿಟ್ಟರು.

ಇದಕ್ಕೆ ತಿರುವಾದ ಅನುಭವವೂ ಇದೆ. ಬೆಂಗಳೂರಿನ ಒಂದು ಸ್ಟುಡಿಯೊ, ಹೆಸರು ಬೇಡ. ಇಪ್ಪತ್ತು ಸೆಕೆಂಡಿನ ಜಾಹೀರಾತು. ಗಾಜಿನ ಆಚೆ ಐದು ಜನ: ಬರೆದವರು, ಬರೆಸಿದವರು, ದುಡ್ಡು ಕೊಡುವವರು, ಅವರ ಜತೆ ಬಂದವರು, ಎಂಜಿನಿಯರ್. “ಸೂಪರ್ ಸಾರ್, ಇನ್ನೊಂದು ಟೇಕ್. ಸ್ವಲ್ಪ ಎನರ್ಜಿ ಜಾಸ್ತಿ.” ಕೊಟ್ಟೆ. “ಸೂಪರ್. ಎನರ್ಜಿ ಸರಿ, ಆದರೆ ಕಾಮ್ ಆಗಿ.” ಹೀಗೆ ಮೂವತ್ತೊಂದು ಟೇಕ್. ಕೊನೆಗೆ ಎರಡನೆಯದನ್ನು ಇಟ್ಟುಕೊಂಡರು. ಆ ಸಂಜೆ ನನ್ನ ಗಂಟಲಿಗಿಂತ ಹೆಚ್ಚು ಸೋತದ್ದು ನಂಬಿಕೆ. ಒಂಬತ್ತನೆಯ ಟೇಕಿನಿಂದಾಚೆ ನಾನು ನಟಿಸುವುದನ್ನು ಬಿಟ್ಟು ಅವರ ಮುಖ ಓದತೊಡಗಿದ್ದೆ. ‘ಸೂಪರ್’ ಎನ್ನುವ ಪದದಷ್ಟು ಸುಳ್ಳಾದದ್ದು ಸ್ಟುಡಿಯೊದಲ್ಲಿ ಇನ್ನೊಂದಿಲ್ಲ.

ಗಾಜಿನ ಬಗ್ಗೆಯೂ ಹೇಳಬೇಕು. ಟಾಕ್‌ಬ್ಯಾಕ್ ಗುಂಡಿ ಒತ್ತಿದಾಗ ಮಾತ್ರ ಆಚೆಯವರ ಮಾತು ಈಚೆ ಕೇಳಿಸುತ್ತದೆ. ಒಂದು ಟೇಕ್ ಮುಗಿದು, ಆಚೆ ನಾಲ್ಕು ಬಾಯಿ ಆಡುತ್ತಿದ್ದು, ಈಚೆ ಒಂದು ಶಬ್ದವೂ ಬಾರದೆ ಅರ್ಧ ನಿಮಿಷ ಕಳೆದರೆ ನಿಂತವನ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ. ಅವರು ಊಟಕ್ಕೆ ಏನು ತರಿಸೋಣ ಎಂದು ಮಾತಾಡುತ್ತಿರಬಹುದು; ನಮಗೆ ಮಾತ್ರ ಅದು ನಮ್ಮ ದನಿಯ ತಿಥಿಯಂತೆ ಕಾಣುತ್ತದೆ. ವಿಶಾಖಪಟ್ಟಣದವರು ಪ್ರತಿ ಟೇಕ್ ಮುಗಿದ ತಕ್ಷಣ ಗುಂಡಿ ಒತ್ತಿ “ಒಂದು ನಿಮಿಷ, ಮೀಟರ್ ನೋಡ್ತಾ ಇದ್ದೀವಿ” ಎನ್ನುತ್ತಿದ್ದರು. ಇಷ್ಟಕ್ಕೆ ಖರ್ಚೇನೂ ಇಲ್ಲ.

ಆಂಧ್ರದ್ದೇ ಇನ್ನೊಂದು ಊರು, ವಿಜಯವಾಡಕ್ಕೆ ಬರೋಣ. ದನಿಯ ವಿಷಯದಲ್ಲಿ ಆ ಊರಿಗೆ ಹಳೆಯ ಹೆಸರಿದೆ. 1948ರ ಡಿಸೆಂಬರ್ 1ರಂದು ಅಲ್ಲಿ ಆಕಾಶವಾಣಿ ಶುರುವಾಯಿತು. ವಿಶಾಖಪಟ್ಟಣಕ್ಕೆ ಬಂದದ್ದು 1963ರಲ್ಲಿ. ಮಂಗಳಂಪಲ್ಲಿ ಬಾಲಮುರಳೀಕೃಷ್ಣ ‘ಭಕ್ತಿರಂಜನಿ’ಯನ್ನು ಬೆಳೆಸಿದ್ದು ವಿಜಯವಾಡ ಕೇಂದ್ರದಲ್ಲಿ. ಅದೇ ಕೇಂದ್ರದಲ್ಲಿ ದುಡಿದ ಬಾಲಾಂತ್ರಪು ರಜನೀಕಾಂತರಾವ್ ಮುಂದೆ ನಮ್ಮ ಬೆಂಗಳೂರು ಕೇಂದ್ರಕ್ಕೂ ನಿರ್ದೇಶಕರಾಗಿದ್ದರು. ಉಷಶ್ರೀ ಎಂಬ ಹೆಸರಿನಲ್ಲಿ ರಾಮಾಯಣ, ಮಹಾಭಾರತ ಹೇಳಿದ ಪುರಾಣಪಂಡ ಸೂರ್ಯಪ್ರಕಾಶ ದೀಕ್ಷಿತುಲು ಅವರ ದನಿಯನ್ನು ತೆಲುಗು ಹಿರಿಯರು ಇಂದೂ ನೆನೆಯುತ್ತಾರೆ. ಅವರ ಹಳೆಯ ಧ್ವನಿಮುದ್ರಿಕೆ ಕೇಳಿದರೆ ಗುಟ್ಟು ತಿಳಿಯುತ್ತದೆ: ಸಾವಿರಾರು ಜನರಿಗೆ ಹೇಳುತ್ತಿದ್ದರೂ ಒಬ್ಬರೇ ಒಬ್ಬರಿಗೆ ಹೇಳುತ್ತಿದ್ದಾರೆ ಅನಿಸುತ್ತದೆ, ಆ ಒಬ್ಬರು ನಡುವೆ ಪ್ರಶ್ನೆ ಕೇಳಿಯಾರು ಎಂಬ ಎಚ್ಚರವೂ ಆ ದನಿಯಲ್ಲಿದೆ.

ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ 1892ರಲ್ಲಿ ವಿಜಯನಗರಂನಲ್ಲಿ ಮೊದಲು ರಂಗ ಏರಿತು. ಗ್ರಾಂಥಿಕವನ್ನು ಬದಿಗಿಟ್ಟು ಉತ್ತರಾಂಧ್ರದ ಆಡುಮಾತಿನಲ್ಲಿ ಬರೆದ ನಾಟಕ. ವಿಜಯವಾಡ ಕೇಂದ್ರ ಅದನ್ನು ಬಾನುಲಿಗೆ ತಂದದ್ದು ತೆಲುಗರಿಗೆ ದೊಡ್ಡ ನೆನಪು. ಇಂಥ ನಾಟಕದ ಕಷ್ಟ ಕನ್ನಡಿಗರಿಗೆ ಬೇಗ ಅರ್ಥವಾದೀತು. ಕುಂದಾಪುರದ ಕನ್ನಡವನ್ನು ಧಾರವಾಡದವರ ಬಾಯಲ್ಲಿ ಆಡಿಸಬೇಕೆಂದರೆ ಪದಗಳನ್ನು ಬದಲಿಸಿಕೊಟ್ಟರೆ ಆಗದು; ಲಯವೇ ಬೇರೆ. ‘ಮಂಡ್ಯದ ಥರ ಹೇಳಿ’ ಎಂದು ನಿರ್ದೇಶಕ ಹೇಳಿದರೆ ನಟ ಸಿನಿಮಾದಲ್ಲಿ ಕೇಳಿದ ಮಂಡ್ಯವನ್ನು ಹೇಳುತ್ತಾನೆ. ‘ನಿಮ್ಮ ಪಕ್ಕದ ಮನೆಗೆ ಹಾಲು ಹಾಕುವವರು ಯಾವ ಊರವರು? ಅವರು ಬಾಕಿ ಕೇಳುವಾಗ ಹೇಗೆ ಕೇಳುತ್ತಾರೆ?’ ಎಂದರೆ ಬರುವ ಮಾತೇ ಬೇರೆ.

ನಮ್ಮ ಕಡೆಯೂ ಈ ಪಾಠಶಾಲೆ ಇತ್ತು. 1935ರ ಸೆಪ್ಟೆಂಬರ್ 10ರಂದು ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದರು. ಧಾರವಾಡಕ್ಕೆ 1950ರಲ್ಲಿ, ಬೆಂಗಳೂರಿಗೆ 1955ರಲ್ಲಿ ಕೇಂದ್ರ ಬಂತು. ಬಾನುಲಿ ನಾಟಕಕ್ಕೆ ತಾಲೀಮು ಎಂಬುದೊಂದು ಇತ್ತು, ಇದನ್ನು ಒತ್ತಿ ಹೇಳಬೇಕು. ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಓದುತ್ತಿದ್ದರು. ಹಾಳೆ ಸದ್ದಾಗದಂತೆ ಕೆಳಗೆ ಬಿಡುವುದನ್ನು ಕಲಿಯುತ್ತಿದ್ದರು. ಮತ್ತೆ, ನಿರ್ದೇಶಕರು ಕೊಡುತ್ತಿದ್ದ ಸೂಚನೆ ಬಹುಪಾಲು ದೂರದ ಲೆಕ್ಕದಲ್ಲೇ ಇರುತ್ತಿತ್ತು. “ಒಂದು ಹೆಜ್ಜೆ ಹಿಂದೆ ಸರಿದು ಹೇಳಿ.” “ಮುಖ ತಿರುಗಿಸಿಕೊಂಡು ಹೇಳಿ, ಬಾಗಿಲಾಚೆ ಹೋಗ್ತಾ ಇದ್ದೀರಿ.” “ಮೈಕಿಗೆ ಒಂದು ಗೇಣು ಬನ್ನಿ, ಗುಟ್ಟು ಇದು.” ಕಾಲಿಗೆ ಕೊಟ್ಟ ಸೂಚನೆಯನ್ನು ಗಂಟಲು ಪಾಲಿಸುತ್ತಿತ್ತು.

ಇದು ಹೊಸ ಉಪಾಯವೇನಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಮಾತಿಗೆ ಮೂರು ಸ್ಥಾನ: ದೂರದವರನ್ನು ಕರೆಯಲು ಶಿರಸ್ಸು, ಅಷ್ಟೇನೂ ದೂರವಿಲ್ಲದವರಿಗೆ ಕಂಠ, ಪಕ್ಕದಲ್ಲಿರುವವರಿಗೆ ಉರಸ್ಸು. ‘ಕಾಕು’ ಎಂದು ದನಿಯ ಬಾಗುವಿಕೆಗೆ ಅಲ್ಲೊಂದು ಪದವೇ ಇದೆ. ಅದರಲ್ಲಿ ಎರಡು ಬಗೆ: ಅರ್ಥ ಇನ್ನೂ ಏನನ್ನೋ ಬಯಸುತ್ತ ತೆರೆದಿರುವುದು ಸಾಕಾಂಕ್ಷ, ಅರ್ಥ ಮುಗಿದು ಮುಚ್ಚಿಕೊಂಡದ್ದು ನಿರಾಕಾಂಕ್ಷ. ಪರವಾಡದ ಚಿತ್ರಕ್ಕೆ ನಾನು ಮೊದಲು ಓದಿದ್ದು ನಿರಾಕಾಂಕ್ಷ, ಬೇಕಾಗಿದ್ದುದು ಸಾಕಾಂಕ್ಷ. ಅದನ್ನೇ ಅವರು ಟೀ ಅಂಗಡಿಯ ಭಾಷೆಯಲ್ಲಿ ಹೇಳಿದ್ದರು.

ಒತ್ತಿನ ವಿಷಯದಲ್ಲಿ ನನ್ನದೊಂದು ತಕರಾರಿದೆ. ಜಾಹೀರಾತು ಸ್ಟುಡಿಯೊಗಳಲ್ಲಿ ‘ಈ ಪದಕ್ಕೆ ಪಂಚ್ ಕೊಡಿ’ ಎನ್ನುವುದು ನಿತ್ಯದ ಸೂಚನೆ. ಇಂಗ್ಲಿಷಿನಲ್ಲಿ ಸರಿ, ಅಲ್ಲಿ ಪದದ ಮೇಲೆ ದನಿ ಏರಿಸಿದರೆ ಅರ್ಥ ಅತ್ತ ವಾಲುತ್ತದೆ. ಕನ್ನಡದಲ್ಲಿ ಆ ಕೆಲಸಕ್ಕೆ ಅಕ್ಷರಗಳೇ ಇವೆ. ‘ರಾಮ ಬಂದ’ ಎಂಬಲ್ಲಿ ರಾಮನನ್ನು ಗುದ್ದಬೇಕಾಗಿಲ್ಲ, ‘ರಾಮನೇ ಬಂದ’ ಎಂದರೆ ಆಯಿತು. ‘ರಾಮನೂ ಬಂದ’ ಎಂದರೆ ಇನ್ನೊಂದು ಕತೆ. ಬೇಕಾದ ಪದವನ್ನು ಕ್ರಿಯಾಪದದ ಮಗ್ಗುಲಿಗೆ ತಂದರೂ ತೂಕ ತಾನಾಗಿ ಬರುತ್ತದೆ. ಆದ್ದರಿಂದ ಎಷ್ಟೋ ಸಲ ಆ ಸೂಚನೆ ಹೋಗಬೇಕಾದದ್ದು ನಟನಿಗಲ್ಲ, ಬರೆದವನಿಗೆ. ಆರ್ಸನ್ ವೆಲ್ಸ್ ಎಂಬ ಮಹಾನಟ ಹೆಪ್ಪುಗಟ್ಟಿಸಿದ ಬಟಾಣಿಯ ಜಾಹೀರಾತಿಗೆ ದನಿ ಕೊಡಲು ಹೋಗಿ, ತಿಂಗಳ ಹೆಸರಿನ ಹಿಂದಿನ ಪುಟ್ಟ ಉಪಸರ್ಗಕ್ಕೆ ಒತ್ತು ಕೊಡಿ ಎಂದಾಗ ರೇಗಿ ಜಗಳಕ್ಕೆ ನಿಂತದ್ದು ಟೇಪಿನಲ್ಲಿ ಉಳಿದಿದೆ. ದನಿಯ ಕೆಲಸದವರೆಲ್ಲ ಅದನ್ನು ಕೇಳಿ ನಕ್ಕವರೇ. ನಮ್ಮಲ್ಲಿ ಅದು ಸಪ್ತಮೀ ವಿಭಕ್ತಿ ಪ್ರತ್ಯಯ. ‘ಜುಲೈನಲ್ಲಿ’ ಎಂಬುದರ ‘ಅಲ್ಲಿ’ಗೆ ಪಂಚ್ ಕೊಟ್ಟು ನೋಡಿ, ವೆಲ್ಸ್ ಪಕ್ಷ ಸೇರುತ್ತೀರಿ.

ಉತ್ತರಾಂಧ್ರದ ದನಿ ಕನ್ನಡಿಗರ ಮನೆಗೆ ಬಂದ ಕತೆಯೊಂದಿದೆ. ವಿಜಯನಗರಂ ಜಿಲ್ಲೆಯವರಾದ ಪಿ.ಜೆ. ಶರ್ಮ ನಟರು, ಅದಕ್ಕಿಂತ ಹೆಚ್ಚಾಗಿ ಡಬ್ಬಿಂಗ್ ಕಲಾವಿದರು. ಹೆಂಡತಿ ಕೃಷ್ಣಜ್ಯೋತಿ ಕನ್ನಡ ಚಿತ್ರಗಳಲ್ಲಿ ನಟಿಸಿದವರು. ಮಗ ಸಾಯಿಕುಮಾರ್ ತೆಲುಗಿನಲ್ಲಿ ರಾಜಶೇಖರ್, ಸುಮನ್ ಮೊದಲಾದವರಿಗೆ ದನಿಯಾಗಿದ್ದರು. 1996ರಲ್ಲಿ ಥ್ರಿಲ್ಲರ್ ಮಂಜು ನಿರ್ದೇಶನದ ‘ಪೊಲೀಸ್ ಸ್ಟೋರಿ’ ಬಂದಾಗ ಆ ದನಿಗೆ ಒಂದು ಮುಖವಿದೆ ಎಂದು ಕರ್ನಾಟಕಕ್ಕೆ ತಿಳಿಯಿತು. ತಮ್ಮ ರವಿಶಂಕರ್ 2009ರ ‘ಅರುಂಧತಿ’ಯಲ್ಲಿ ಸೋನು ಸೂದ್ ಪಾತ್ರಕ್ಕೆ ದನಿ ಕೊಟ್ಟು ‘ಬೊಮ್ಮಾಳಿ’ ಎಂಬ ಬಿರುದನ್ನೇ ಗಳಿಸಿದರು. ಎರಡು ವರ್ಷಕ್ಕೆ ನಮ್ಮ ‘ಕೆಂಪೇಗೌಡ’ದ ಆರ್ಮುಗಂ ಆದರು. ಅಣ್ಣತಮ್ಮಂದಿರ ದನಿಯಲ್ಲಿ ಬೆಂಕಿಯಿದೆ ಎನ್ನುವುದು ಎಲ್ಲರ ಮಾತು. ನಾನು ಗಮನಿಸುವುದು ಉಸಿರನ್ನು. ಅಷ್ಟುದ್ದದ ಮಾತಿನ ನಡುವೆ ಅವರು ಉಸಿರು ಎಳೆದುಕೊಳ್ಳುವ ಜಾಗಗಳು ಅರ್ಥ ಕಡಿಯದ ಜಾಗಗಳು. ‘ಇನ್ನೂ ಜೋರಾಗಿ’ ಎನ್ನುವ ನಿರ್ದೇಶಕರು ಮೊದಲು ಉಸಿರೆಲ್ಲಿ ಎಂದು ಕೇಳಬೇಕು. ಕೂಗಾಟದ ಮಾತುಗಳನ್ನು ದಿನದ ಕೊನೆಗೆ ಇಟ್ಟುಕೊಳ್ಳುವ ವಿವೇಕವೂ ಬೇಕು. ಬೆಳಿಗ್ಗೆ ಕಿರುಚಿದ ಗಂಟಲು ಮಧ್ಯಾಹ್ನ ಪ್ರೇಮ ನಿವೇದನೆಗೆ ಒದಗುವುದಿಲ್ಲ. ಅಮೆರಿಕದಲ್ಲಿ ವಿಡಿಯೊ ಗೇಮ್‌ಗಳಿಗೆ ದನಿ ಕೊಡುವವರು 2016ರ ಅಕ್ಟೋಬರಿನಿಂದ ಹನ್ನೊಂದು ತಿಂಗಳು ಮುಷ್ಕರ ಹೂಡಿದ್ದರ ಬೇಡಿಕೆಗಳಲ್ಲಿ ಗಂಟಲಿನ ಸವೆತ ತಪ್ಪಿಸುವುದೂ ಒಂದಾಗಿತ್ತು.

ಹೇಗೆ ತಿದ್ದಬೇಕು ಎಂಬುದಕ್ಕೆ ಕನ್ನಡಿಗರು ಕಣ್ಣಾರೆ ಕಂಡ ಮಾದರಿ ಎಂದರೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅವರು ಡಬ್ಬಿಂಗ್‌ನಲ್ಲೂ ಘಟಾನುಘಟಿ. ತೆಲುಗಿನಲ್ಲಿ ಕಮಲ್ ಹಾಸನ್ ದನಿ ಅವರದೇ ಆಗಿತ್ತು. 2008ರ ‘ದಶಾವತಾರಂ’ ತೆಲುಗು ರೂಪದಲ್ಲಿ ಕಮಲ್ ಹತ್ತು ಪಾತ್ರಗಳ ಪೈಕಿ ಏಳಕ್ಕೆ ಬೇರೆ ಬೇರೆ ಗಂಟಲಾದರು. ಟಿವಿಯಲ್ಲಿ ‘ಎದೆ ತುಂಬಿ ಹಾಡುವೆನು’ ನೋಡಿದವರಿಗೆ ನೆನಪಿರಬಹುದು, ಮಗುವೊಂದು ಹಾಡಿ ಮುಗಿಸಿದಾಗ ಅವರು ಒಟ್ಟಾರೆ ತೀರ್ಪು ಹೇಳಿ ಕೂರುತ್ತಿರಲಿಲ್ಲ. ಒಂದು ಸಾಲು, ಆ ಸಾಲಿನ ಒಂದು ಪದ, ಆ ಪದದ ಒಂದು ಅಕ್ಷರ ಹಿಡಿದು, ಅದನ್ನಷ್ಟೇ ಹಾಡಿ ತೋರಿಸಿ, ಈಗ ನೀನು ಹಾಡು ಎನ್ನುತ್ತಿದ್ದರು. ಮಗುವಿಗೆ ಮನೆಗೆ ಕೊಂಡೊಯ್ಯಲು ಒಂದೇ ಒಂದು ಸಂಗತಿ ಸಿಗುತ್ತಿತ್ತು. ಸ್ಟುಡಿಯೊದಲ್ಲೂ ಅಷ್ಟೇ: ಒಂದು ಟೇಕಿಗೆ ಒಂದು ಸೂಚನೆ. ಮೂರು ಸೂಚನೆ ಒಟ್ಟಿಗೆ ಕೊಟ್ಟರೆ ನಟ ಎಲ್ಲದಕ್ಕೂ ಹೂಂ ಎಂದು ಕೊನೆಯದನ್ನು ಮಾತ್ರ ಮಾಡುತ್ತಾನೆ.

ಹಾಡಿ ತೋರಿಸುವುದು ಎಂದೆನಲ್ಲ, ಇಲ್ಲೊಂದು ವಾದವಿದೆ. ನಿರ್ದೇಶಕ ತಾನೇ ಸಂಭಾಷಣೆ ಹೇಳಿ ‘ಹೀಗೆ ಹೇಳಿ’ ಎನ್ನುವುದನ್ನು ಪಶ್ಚಿಮದ ನಟರು ಅವಮಾನವೆಂದೇ ತಿಳಿಯುತ್ತಾರೆ. ನಮ್ಮ ಪರಂಪರೆ ಹಾಗಲ್ಲ. ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿಯೇ ದೊಡ್ಡ ನಟರು ತಯಾರಾದರು. ಸಂಗೀತವಂತೂ ಕಲಿಯುವುದೇ ಕೇಳಿ, ಹಾಗೇ ಹಾಡಿ. 2022ರಲ್ಲಿ ‘ಆರ್‌ಆರ್‌ಆರ್’ ಕನ್ನಡಕ್ಕೆ ಬಂದಾಗ ಜೂನಿಯರ್ ಎನ್‌ಟಿಆರ್, ರಾಮ್‌ಚರಣ್ ತಮ್ಮ ಪಾತ್ರಗಳಿಗೆ ತಾವೇ ದನಿ ಕೊಟ್ಟರು. ಎನ್‌ಟಿಆರ್ ತಾಯಿ ಕುಂದಾಪುರ ಮೂಲದವರು ಎನ್ನುವುದು ನಿಜ, ಆದರೂ ದಿನವೂ ಆಡದ ಭಾಷೆಯಲ್ಲಿ ನಟಿಸುವವರಿಗೆ ಸಾಲು ಸಾಲನ್ನೂ ಹೇಳಿಕೊಡದೆ ಬೇರೆ ದಾರಿಯಿಲ್ಲ. ನನ್ನ ಮಟ್ಟಿಗೆ ತೀರ್ಮಾನ ಇಷ್ಟು: ಉಚ್ಚಾರ, ಊರಿನ ಹೆಸರು, ಲಯ ಇವನ್ನು ಧಾರಾಳವಾಗಿ ಹೇಳಿಕೊಡಿ. ಭಾವವನ್ನು ಹೇಳಿಕೊಡಬೇಡಿ. ನಟನ ತಪ್ಪನ್ನು ಅಣಕಿಸಿ ತೋರಿಸುವುದನ್ನಂತೂ ಯಾವತ್ತೂ ಮಾಡಬೇಡಿ; ಎದುರಿದ್ದವರು ನಕ್ಕುಬಿಟ್ಟರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಕನ್ನಡಕ್ಕೆ ಅನ್ಯಭಾಷೆಯಿಂದ ಡಬ್ ಮಾಡಿಸುವ ನಿರ್ದೇಶಕರ ಒಂದು ತಲೆಮಾರೇ ನಮ್ಮಲ್ಲಿ ಇಲ್ಲದೆ ಹೋಯಿತು. ಅರವತ್ತರ ದಶಕದಲ್ಲಿ ಅನಕೃ, ರಾಜಕುಮಾರ್ ಮುಂತಾದವರು ಡಬ್ಬಿಂಗ್ ವಿರುದ್ಧ ನಿಂತರು. ತೆಲುಗಿನ ‘ಮಾಯಾಬಜಾರ್’ ಕನ್ನಡದಲ್ಲಿ ಮಾತಾಡಿದ್ದು ಆ ಕಾಲದ ಕೊನೆಯ ನೆನಪುಗಳಲ್ಲೊಂದು. ಆ ಚಳವಳಿ ಅಂದು ಕನ್ನಡ ಚಿತ್ರೋದ್ಯಮಕ್ಕೆ ನೆಲೆ ಕೊಟ್ಟಿತು, ಅದರಲ್ಲಿ ನನಗೆ ಅನುಮಾನವಿಲ್ಲ. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಅಘೋಷಿತ ನಿಷೇಧದ ವಿರುದ್ಧ ಆದೇಶ ಕೊಟ್ಟಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ತೆರೆ ಕಂಡಿತು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಸ್ಟಾರ್ ಸುವರ್ಣದಲ್ಲಿ ‘ಮಹಾಭಾರತ’ ಕನ್ನಡ ಮಾತಾಡಿತು, ಅದರ ಬೆನ್ನಿಗೆ ಪ್ರವಾಹವೇ ಬಂತು. ಅರ್ಧ ಶತಮಾನದ ತಾಲೀಮು ಇಲ್ಲದೆ ಒಂದೇ ಸಲ ಇಷ್ಟು ಕೆಲಸ. ದನಿಗಳೇನೋ ಸಿಕ್ಕವು, ರಂಗಭೂಮಿಯಲ್ಲಿ ಅವಕ್ಕೆ ಬರವಿಲ್ಲ. ಕಿವಿಗಳು ಸಿಗಲಿಲ್ಲ.

ತೆಲುಗಿನಿಂದ ಕನ್ನಡಕ್ಕೆ ತರುವುದು ಸುಲಭ, ಅಕ್ಕತಂಗಿ ಭಾಷೆ ಎನ್ನುತ್ತಾರೆ. ಎರಡರಲ್ಲೂ ಕ್ರಿಯಾಪದ ಕೊನೆಗೆ, ಎರಡರಲ್ಲೂ ಬಹುಪಾಲು ಪದಗಳು ಸ್ವರದಲ್ಲಿ ಮುಗಿಯುತ್ತವೆ. ‘ನೇನು’ ಎಂದವನ ತುಟಿಗೆ ‘ನಾನು’ ಅಳತೆ ಮಾಡಿ ಹೊಲಿದ ಅಂಗಿ. ಆದರೆ ಒಂದು ಕಡೆ ಚರಿತ್ರೆ ಕಾಲು ಎಳೆಯುತ್ತದೆ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು, ತೆಲುಗಿನಲ್ಲಿ ಆಗಲಿಲ್ಲ. ಅವರದು ಪಾಲು, ನಮ್ಮದು ಹಾಲು. ಪುಲಿ, ಹುಲಿ. ಪಾಮು, ಹಾವು. ಪಂದಿ, ಹಂದಿ. ‘ಪ’ ಎನ್ನಲು ತುಟಿ ಮುಚ್ಚಬೇಕು, ‘ಹ’ ಎನ್ನಲು ತೆರೆಯಬೇಕು. ಪರದೆಯ ಮೇಲೆ ನಾಯಕ ತುಟಿ ಬಿಗಿದು ‘ಪೋ’ ಎಂದಾಗ ನಮ್ಮವನು ‘ಹೋಗು’ ಎಂದರೆ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ಪಂಪನ ಕಾಲದಲ್ಲಿ ಡಬ್ಬಿಂಗ್ ಇದ್ದಿದ್ದರೆ ಈ ತಾಪತ್ರಯವಿರಲಿಲ್ಲ. ಈಗ ಜಾಣ ಬರಹಗಾರರು ಆ ಜಾಗಕ್ಕೆ ‘ಬಿಡು’, ‘ಮುಚ್ಚು’, ‘ಬೇಡ’ ಎಂದು ತುಟಿ ಮುಚ್ಚುವ ಪದ ಹುಡುಕುತ್ತಾರೆ. ‘ಚೆಪ್ಪು’ ಎಂಬ ಗದರಿಕೆಗೆ ‘ಬೊಗಳು’ ಹೊಂದಿಸಿದ್ದನ್ನು ಕಂಡಿದ್ದೇನೆ. ಅಕ್ಷರ ಹೊಂದಿತು, ಪಾತ್ರದ ಮರ್ಯಾದೆ ಹೋಯಿತು.

ಇಂಥ ಕಡೆ ಒಳ್ಳೆಯ ನಿರ್ದೇಶಕ ನಟನ ಮಾತು ಕೇಳುತ್ತಾನೆ. ಮೈಕಿನ ಮುಂದಿರುವವನ ನಾಲಗೆಗೆ ಯಾವ ಪದ ತೊಡರುತ್ತಿದೆ ಎಂಬುದು ಬರೆದವನಿಗಿಂತ ಮೊದಲು ಅವನಿಗೇ ಗೊತ್ತು. ಒಂದೇ ಸಾಲು ನಾಲ್ಕು ಸಲ ಕೆಟ್ಟರೆ ತಪ್ಪು ನಟನದಲ್ಲ, ಸಾಲಿನದು. ಇನ್ನೊಂದು ಕಷ್ಟ: ಹಿಂದೆ ಡಬ್ಬಿಂಗ್‌ಗೆ ಎಲ್ಲರೂ ಒಂದೇ ಮೈಕಿನ ಸುತ್ತ ನಿಂತು ಮಾತಾಡುತ್ತಿದ್ದರು, ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಈಗ ಒಬ್ಬೊಬ್ಬರದೂ ಬೇರೆ ಬೇರೆ ಟ್ರ್ಯಾಕ್. ಬೆಳಿಗ್ಗೆ ಮಗ ಬೈದು ಹೋಗುತ್ತಾನೆ, ಸಂಜೆ ಅಪ್ಪ ಬಂದು ಬೈಸಿಕೊಳ್ಳುತ್ತಾನೆ. ಹೀಗಿರುವಾಗ ಎದುರು ಪಾತ್ರದ ಮಾತನ್ನು ನಿರ್ದೇಶಕ ತಾನೇ ಓದಿ ಕೊಡಬೇಕು, ನಟಿಸದೆ, ಹದವಾಗಿ. ಬಹಳ ಜನ ಕೊಡುವುದಿಲ್ಲ. ನಮ್ಮ ಡಬ್ಬಿಂಗ್ ಧಾರಾವಾಹಿಗಳಲ್ಲಿ ಜಗಳವಾಡುವವರು ಬೇರೆ ಬೇರೆ ಮನೆಯಲ್ಲಿ ನಿಂತು ಜಗಳವಾಡಿದಂತೆ ಕೇಳುವುದು ಇದಕ್ಕೇ.

ಯಾರೂ ಯಾವ ಸೂಚನೆಯನ್ನೂ ಕೊಡಲಾಗದ ಸಂದರ್ಭವೂ ಒಂದು ಬಂತು. ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಚೇತನ್ ಕುಮಾರ್ ನಿರ್ದೇಶನದ ‘ಜೇಮ್ಸ್’ಗೆ ಅವರ ಡಬ್ಬಿಂಗ್ ಆಗಿರಲಿಲ್ಲ. ತಮ್ಮನ ಪಾತ್ರಕ್ಕೆ ಅಣ್ಣ ಶಿವರಾಜಕುಮಾರ್ ದನಿ ಕೊಟ್ಟರು. 2022ರ ಮಾರ್ಚ್ 17, ಪುನೀತ್ ಹುಟ್ಟುಹಬ್ಬದಂದು ಚಿತ್ರ ಬಿಡುಗಡೆಯಾಯಿತು. ಮುಂದಿನ ತಿಂಗಳು ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ದನಿಯನ್ನು ಕೂಡಿಸಿ ಮತ್ತೆ ತೆರೆಗೆ ತಂದರು. ಎರಡನ್ನೂ ನೋಡಿದ ಸ್ನೇಹಿತರಲ್ಲಿ ಕೆಲವರಿಗೆ ಮೊದಲನೆಯದೇ ಇಷ್ಟ. ತಮ್ಮನ ದನಿಯನ್ನು ಅಣ್ಣ ಅನುಕರಿಸಲು ಹೋಗಿರಲಿಲ್ಲವಲ್ಲ, ಅದಕ್ಕೆ ಎನ್ನುತ್ತಾರೆ.

ಈಗ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಕಳಿಸಿ ಎನ್ನುವ ಕಾಲ. ಸೂಚನೆಯೂ ವಾಟ್ಸ್‌ಆ್ಯಪ್‌ನಲ್ಲೇ: ‘ಸ್ವಲ್ಪ ಬೆಟರ್ ಆಗಬೇಕು’. ಇಂಥ ಸಂದೇಶ ಬಂದರೆ ನಾನು ಮರುಪ್ರಶ್ನೆ ಹಾಕುತ್ತೇನೆ, ಎಷ್ಟನೆಯ ಸೆಕೆಂಡಿನಲ್ಲಿ? ಅರ್ಧ ಜನ ಮತ್ತೊಮ್ಮೆ ಕೇಳಿ ‘ಪರವಾಗಿಲ್ಲ, ಇದೇ ಇರಲಿ’ ಎನ್ನುತ್ತಾರೆ. ಮಾತು ತಮ್ಮ ಕಡೆಯಿಂದ ಬದಲಾದರೆ ಮರುಮುದ್ರಣಕ್ಕೆ ಸಂಭಾವನೆ ಕೊಡಬೇಕು ಎನ್ನುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಬೆಂಗಳೂರಿನ ಮೆಟ್ರೊ ಹತ್ತಿದವರಿಗೆ ಅಪರ್ಣಾ ಅವರ ದನಿ ಗೊತ್ತು. 2024ರ ಜುಲೈ 11ರಂದು ಅವರು ತೀರಿಕೊಂಡ ಮರುದಿನವೂ ರೈಲಿನಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಅವರೇ ಹೇಳುತ್ತಿದ್ದರು. ಅವಸರವಿಲ್ಲದ, ಯಾರನ್ನೂ ಗದರದ ಆ ಹದ ‘ಬೆಟರ್’ ಎಂಬ ಸೂಚನೆಯಿಂದ ಹುಟ್ಟುವಂಥದ್ದಲ್ಲ.

ವಿಶಾಖಪಟ್ಟಣದ ಆ ಮಧ್ಯಾಹ್ನಕ್ಕೆ ಮರಳುತ್ತೇನೆ, ಅಲ್ಲಿ ನನ್ನದೊಂದು ಸೋಲು ಬಾಕಿ ಇದೆ. ಚಿತ್ರದ ಏಳನೆಯ ನಿಮಿಷದಲ್ಲಿ ರಿಯಾಕ್ಟರ್ ಒಳಗೆ ಇಳಿಯುವ ಭಾಗ ಬರುತ್ತದೆ. ಇಳಿಯುವ ಮುನ್ನ ಒಳಗಿನ ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆ ನೋಡಬೇಕು, ಶೇ 19.5ಕ್ಕಿಂತ ಕಡಿಮೆಯಿದ್ದರೆ ಕಾಲಿಡುವಂತಿಲ್ಲ. ನಾನು ‘ಹತ್ತೊಂಬತ್ತೂವರೆ’ ಎಂದು ಓದಿದೆ. ಬರೆದದ್ದು ‘ಹತ್ತೊಂಬತ್ತು ಪಾಯಿಂಟ್ ಐದು’ ಎಂದಿತ್ತು. ನಿರ್ದೇಶಕರು ಕಣ್ಣು ತೆರೆದು, ಮಾತು ಬೇರೆ ಕೇಳಿಸಿತಲ್ಲ ಎಂದರು. ಊವರೆ ಎನ್ನುವುದೇ ಚಂದದ ಕನ್ನಡ, ಹಳ್ಳಿಯ ಹುಡುಗರಿಗೂ ಅದೇ ಹತ್ತಿರ, ಪಾಯಿಂಟ್ ಎನ್ನುವುದು ಇಂಗ್ಲಿಷ್ ಎಂದೆಲ್ಲ ಐದು ನಿಮಿಷ ವಾದಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಟಾಕ್‌ಬ್ಯಾಕ್ ಒತ್ತಿ ಒಂದೇ ಪ್ರಶ್ನೆ ಕೇಳಿದರು:

“ಆ ಹುಡುಗನ ಕೈಯಲ್ಲಿರೋ ಮೀಟರಿನಲ್ಲಿ ಏನು ಕಾಣುತ್ತೆ ಸಾರ್?”

ಚಿತ್ರದಲ್ಲಿ ‘ಹತ್ತೊಂಬತ್ತು ಪಾಯಿಂಟ್ ಐದು’ ಎಂದೇ ಇದೆ.